ಯಶೋಧರನು ಹೇಳಿದ ಕನಸು

ಜನ್ನಕವಿಯ ‘ಯಶೋಧರ ಚರಿತೆ’ಯನ್ನು ಜೈನ ಮನೆತನಗಳಿಗೆ ಹೊಸದಾಗಿ ಪರಿಚಯಿಸಬೇಕಾದ ಅಗತ್ಯವಿಲ್ಲ. ಹೊಯ್ಸಳ ವೀರಬಲ್ಲಾಳನ ಆಸ್ಥಾನದಲ್ಲಿ ಕವಿಚಕ್ರವರ್ತಿಯೆನಿಸಿದ್ದ ಜನ್ನನು ವಾದಿರಾಜರ ಸಂಸ್ಕೃತ ಕೃತಿಯನ್ನು ಮುಂದಿಟ್ಟುಕೊಂಡು 1209ರಲ್ಲಿ ಈ ಕಾವ್ಯವನ್ನು ರಚಿಸಿದನು. ನಾಲ್ಕೇ ಅವತಾರಗಳು, ಬಹುಪಾಲು ಕಂದಪದ್ಯಗಳು. ಒಂದು ದಿನದಲ್ಲಿ ಓದಿ ಮುಗಿಸಬಹುದಾದ ಗ್ರಂಥ. ಜೀವದಯಾಷ್ಟಮಿಯ ನೋಂಪಿಯೊಡನೆ ಬೆಸೆದುಕೊಂಡಿರುವುದರಿಂದ, ಕಾವ್ಯವನ್ನು ಓದದವರಿಗೂ ಹಿಟ್ಟಿನ ಕೋಳಿಯ ಕಥೆ ಗೊತ್ತು.

ಈ ಕಥೆಯನ್ನು ಕೇಳುವ ಎರಡು ರೂಢಿಗಳು ಬೆಳೆದುಬಂದಿವೆ. ಬಸದಿಯ ಪ್ರವಚನದಲ್ಲಿ ಅದು ಸಂಕಲ್ಪಹಿಂಸೆಯ ದೃಷ್ಟಾಂತ: ಹಿಟ್ಟಿನ ಕೋಳಿಯನ್ನು ಕೊಲ್ಲುವ ಸಂಕಲ್ಪ ಮಾತ್ರದಿಂದಲೇ ತಾಯಿಮಕ್ಕಳು ಜನ್ಮಜನ್ಮಾಂತರ ತೊಳಲಿದರು. ಕಾಲೇಜಿನ ತರಗತಿಗಳಲ್ಲಿ ಅದು ಅಮೃತಮತಿಯ ಕಥೆ: ರೂಪವಂತನಾದ ಅರಸನನ್ನು ಬಿಟ್ಟು ವಿಕಾರರೂಪಿಯಾದ ಮಾವುತನಿಗೆ ರಾಣಿ ಮನಸೋತದ್ದೇಕೆ? 1980ರಲ್ಲಿ ಪ್ರಕಟವಾದ ಗಿರೀಶ ಕಾರ್ನಾಡರ ‘ಹಿಟ್ಟಿನ ಹುಂಜ’ ನಾಟಕವು ಈ ಎರಡು ಎಳೆಗಳನ್ನೂ ಹಿಡಿದು ಹೊಸ ಪ್ರಶ್ನೆಗಳನ್ನು ಎತ್ತಿತು. ಎರಡು ರೂಢಿಗಳಲ್ಲೂ ತಪ್ಪಿಲ್ಲ. ಆದರೆ ಅವುಗಳ ನಡುವೆ ಒಬ್ಬನ ನೋವು ಜಾರಿಹೋಗಿದೆ. ಹೆಂಡತಿಯಲ್ಲಿ ತನ್ನ ಬದುಕಿನ ಭರವಸೆಯನ್ನೆಲ್ಲ ಇಟ್ಟಿದ್ದ ಒಬ್ಬ ಗಂಡಸು, ಅದು ಒಂದು ರಾತ್ರಿಯಲ್ಲಿ ಮುರಿದುಬಿದ್ದಾಗ ಏನು ಮಾಡಿದನು? ಯಶೋಧರನ ಭವಾವಳಿ ಮೊದಲಾಗುವುದು ಹಿಟ್ಟಿನ ಕೋಳಿಯಿಂದಲ್ಲ. ಅದಕ್ಕೆ ಹಿಂದಿನ ಒಂದು ಬೆಳಗಿನಲ್ಲಿ ಅವನು ಆಡಿದ ಒಂದು ಮಾತಿನಿಂದ.

ಆ ರಾತ್ರಿಯ ಸಂದರ್ಭವನ್ನು ನೆನೆದುಕೊಳ್ಳಬೇಕು. ತಂದೆ ಯಶೌಘನು ತಲೆಯಲ್ಲೊಂದು ನರೆಗೂದಲು ಕಂಡು ರಾಜ್ಯವನ್ನು ಬಿಟ್ಟುಹೋಗಿದ್ದಾನೆ. ಉಜ್ಜಯಿನಿಯ ಸಿಂಹಾಸನದ ಮೇಲೆ ತರುಣ ಯಶೋಧರನಿದ್ದಾನೆ; ಅಮೃತಮತಿಯನ್ನು ಬಿಟ್ಟು ಅವನಿಗೆ ಬೇರೊಂದು ಲೋಕವಿಲ್ಲ. ಬೆಳಗಿನ ಜಾವದಲ್ಲಿ ಕೇಳಿಬಂದ ಮಾವುತ ಅಷ್ಟಾವಂಕನ ಹಾಡಿಗೆ ಅವಳು ಮನಸೋಲುತ್ತಾಳೆ. ನೋಡಿಬಂದ ದೂತಿ ಅವನ ವಿಕಾರವನ್ನು ಅಂಗಾಂಗವಾಗಿ ಬಣ್ಣಿಸಿದರೂ ಅವಳ ಮನಸ್ಸು ಕದಲುವುದಿಲ್ಲ. ಕೆಲಕಾಲದ ಮೇಲೆ ಸಂಶಯಗೊಂಡ ಅರಸನು ನಿದ್ರೆಯ ನೆವಮಾಡಿ ಅವಳ ಬೆನ್ನು ಹತ್ತುತ್ತಾನೆ. ತಡವಾಗಿ ಬಂದಳೆಂದು ಮಾವುತನು ಅವಳನ್ನು ಹೊಡೆಯುವುದನ್ನೂ ಅವಳು ಅವನ ಕಾಲಿಗೆ ಬಿದ್ದು ಬೇಡಿಕೊಳ್ಳುವುದನ್ನೂ ಕಣ್ಣಾರೆ ಕಾಣುತ್ತಾನೆ. ಕೈ ಕತ್ತಿಗೆ ಹೋಗುತ್ತದೆ. ಆದರೆ ಇವರನ್ನು ಕೊಲ್ಲುವುದು ತನಗೆ ತಕ್ಕುದಲ್ಲವೆಂದು ತಡೆದುಕೊಂಡು ಅರಮನೆಗೆ ಹಿಂದಿರುಗಿ ಮಲಗುತ್ತಾನೆ. ಅವಳೂ ಬಂದು ಪಕ್ಕದಲ್ಲಿ ಮಲಗುತ್ತಾಳೆ.

ಎತ್ತಿದ ಕತ್ತಿಯನ್ನು ಇಳಿಸಿದ್ದು ಸಾಮಾನ್ಯವಾದ ಸಂಯಮವಲ್ಲ. ಇಂತಹ ಸ್ಥಿತಿಯಲ್ಲಿ ಎಷ್ಟೋ ವೀರರು ಸೋತಿದ್ದಾರೆ. ಪ್ರವಚನಕಾರರು ಈ ಕ್ಷಣವನ್ನು ಮೆಚ್ಚಿ ಹೇಳುವುದು ನ್ಯಾಯವೇ. ಆದರೆ ಕವಿಯು ಅಲ್ಲಿಗೆ ನಿಲ್ಲಿಸದೆ ಮರುದಿನದ ಬೆಳಗಿಗೆ ಕರೆದೊಯ್ಯುತ್ತಾನೆ. ಕೈ ತಡೆದದ್ದರಿಂದ ನೋವು ಹೋಯಿತೇ ಎಂಬ ಪರೀಕ್ಷೆ ಅಲ್ಲಿ ನಡೆಯುತ್ತದೆ.

ಬೆಳಗ್ಗೆ ಸರಸದ ಹೊತ್ತಿನಲ್ಲಿ ಅರಸನು ಒಂದು ನೆಯ್ದಿಲ ಹೂವಿನಿಂದ ರಾಣಿಯನ್ನು ಮೆಲ್ಲಗೆ ಹೊಡೆಯುತ್ತಾನೆ. ಅವಳು ಆ ಪೆಟ್ಟಿಗೇ ಮೂರ್ಛೆ ಹೋದಂತೆ ನಟಿಸುತ್ತಾಳೆ. ಅವಳನ್ನು ಉಪಚರಿಸುತ್ತ ಅವನು ಎರಡರ್ಥದ ಮಾತನ್ನಾಡುತ್ತಾನೆ: ಬದುಕಿದೆಯಲ್ಲ, ದೊಡ್ಡದೊಂದು ಗಂಡದಿಂದ ಪಾರಾದೆಯಲ್ಲ ಎಂಬ ಧಾಟಿಯ ಮಾತು. ಸುತ್ತ ಇದ್ದವರಿಗೆ ಅದು ಪ್ರೀತಿ. ಆಡಿದವನಿಗೆ ಮಾತ್ರ ಅದು ವಿಷ. ರಾತ್ರಿ ಕತ್ತಿಯಾಗಿ ಹೊರಬರಬೇಕಾಗಿದ್ದ ನೋವು ಬೆಳಗ್ಗೆ ಕೊಂಕುಮಾತಾಗಿ ಹೊರಬಂದಿತು. ಸಂಸಾರವನ್ನು ಬಲ್ಲ ಯಾರೂ ಈ ದೃಶ್ಯದ ನಿಜವನ್ನು ಅಲ್ಲಗಳೆಯಲಾರರು. ಹೊಡೆಯದ ಕೈಯ ಕೆಲಸವನ್ನು ನಾಲಿಗೆ ವಹಿಸಿಕೊಳ್ಳುತ್ತದೆ.

ಬಳಿಕ ಅವನು ತಾಯಿ ಚಂದ್ರಮತಿಯ ಬಳಿಗೆ ಹೋಗುತ್ತಾನೆ. ಮಗನ ಮುಖ ಬಾಡಿರುವುದನ್ನು ಕಂಡು ಅವಳು ಕಾರಣ ಕೇಳುತ್ತಾಳೆ. ಚಂದ್ರಮತಿಯನ್ನು ಮೂಢಭಕ್ತಿಯ ಹೆಂಗಸೆಂದು ಒಂದೇ ಮಾತಿನಲ್ಲಿ ತಳ್ಳಿಹಾಕುವವರು ಈ ಪ್ರಶ್ನೆಯನ್ನು ಮರೆಯುತ್ತಾರೆ. ಕೇಳಬೇಕಾದುದನ್ನು ಅವಳು ಕೇಳಿದಳು. ಕೇಳಬೇಕಾದ ಹೊತ್ತಿನಲ್ಲಿಯೇ ಕೇಳಿದಳು. ಮಗನು ನಿಜವನ್ನು ಹೇಳಲಿಲ್ಲ. ರಾತ್ರಿ ಕಂಡುದನ್ನು ಒಂದು ಕೆಟ್ಟ ಕನಸಿನ ರೂಪಕದಲ್ಲಿ ಮರೆಮಾಡಿ ಹೇಳಿದನು.

ಕನಸೆಂದು ಕೇಳಿದವಳು ಕನಸಿಗೆ ತಕ್ಕ ಮದ್ದನ್ನೇ ಹೇಳಿದಳು. ದುಃಸ್ವಪ್ನದ ದೋಷ ಕಳೆಯಲು ಚಂಡಿಕೆಗೆ ಬಲಿ ಕೊಡಬೇಕು. ಮಗನು ಜೀವಹಿಂಸೆಗೆ ಒಪ್ಪದೆ ಧರ್ಮದ ಮಾತುಗಳನ್ನಾಡುತ್ತಾನೆ. ಆ ಮಾತುಗಳು ಉದಾತ್ತವಾಗಿಯೇ ಇವೆ. ಕೊನೆಗೆ ತಾಯಿಯು ಹಾಗಾದರೆ ಹಿಟ್ಟಿನ ಕೋಳಿಯನ್ನಾದರೂ ಕೊಡು ಎಂದು ಹಿಡಿದಾಗ ಸೋಲುತ್ತಾನೆ. ಇಲ್ಲಿ ಅವನನ್ನು ಸೋಲಿಸಿದ್ದು ತಾಯಿಯ ಹಟವೊಂದೇ ಅಲ್ಲ. ಕನಸು ಸುಳ್ಳೆಂದು ಹೇಳಿದರೆ ಬಲಿಯ ಮಾತೇ ಬಿದ್ದುಹೋಗುತ್ತಿತ್ತು. ಆದರೆ ಹಾಗೆ ಹೇಳುವುದಕ್ಕೆ ರಾತ್ರಿಯ ನಿಜವನ್ನು ಹೇಳಬೇಕಾಗಿತ್ತು. ತಾನು ಕಟ್ಟಿದ ಕನಸಿನಲ್ಲಿ ತಾನೇ ಸೆರೆಸಿಕ್ಕಿದವನು ವ್ರತದ ಅಕ್ಷರವನ್ನು ಉಳಿಸಿಕೊಂಡು ವ್ರತದ ಜೀವವನ್ನು ಬಿಟ್ಟುಕೊಟ್ಟನು. ಹಿಟ್ಟಿನ ಕೋಳಿಯ ಚೆಲುವಿಗೆ ಮರುಳಾದ ಬೆಂತರವೊಂದು ಅದರೊಳಗೆ ಹೊಕ್ಕಿರುತ್ತದೆ. ಕತ್ತಿ ಬಿದ್ದಾಗ ಕೋಳಿ ಕೂಗುತ್ತದೆ. ರಾತ್ರಿ ಮಾವುತನ ಮೇಲೆ ಬೀಳದೆ ಉಳಿದ ಕತ್ತಿ ಬಿದ್ದದ್ದು ಇಲ್ಲಿ. ಆ ಏಟಿನಲ್ಲಿ ದೇವಿಯ ಮೇಲಿನ ಭಕ್ತಿ ಎಷ್ಟಿತ್ತು, ಹಿಂದಿನ ರಾತ್ರಿಯ ಸಿಟ್ಟು ಎಷ್ಟಿತ್ತು ಎಂಬುದನ್ನು ಕವಿಯು ಬಿಡಿಸಿ ಹೇಳುವುದಿಲ್ಲ. ಹೇಳದಿರುವುದೇ ಅವನ ದೊಡ್ಡಗುಣ.

ಕೋಳಿಯ ಕೂಗಿಗೆ ಬೆಚ್ಚಿದ ಯಶೋಧರನು ಮಗ ಯಶೋಮತಿಗೆ ಪಟ್ಟ ಕಟ್ಟಿ ತಪಸ್ಸಿಗೆ ಹೊರಡಲು ನಿಶ್ಚಯಿಸುತ್ತಾನೆ. ತಾನೂ ಜೊತೆಗೆ ಬರುವೆನೆಂದು ನಟಿಸಿ ಅಮೃತಮತಿಯು ಅತ್ತೆಯನ್ನೂ ಗಂಡನನ್ನೂ ಊಟಕ್ಕೆ ಕರೆದು ವಿಷವಿಕ್ಕುತ್ತಾಳೆ. ಇಬ್ಬರೂ ಸಾಯುತ್ತಾರೆ. ಯಶೋಧರನಿಗೆ ತನ್ನ ಎದುರಿಗಿದ್ದವಳು ಯಾರೆಂಬುದು ಗೊತ್ತಿತ್ತು, ಗೊತ್ತಿದ್ದೂ ಉಂಡನು. ಚಂದ್ರಮತಿಗೆ ಗೊತ್ತಿರಲಿಲ್ಲ. ಮಗನು ಕನಸಿನ ಬದಲು ನಿಜವನ್ನು ಹೇಳಿದ್ದರೆ ಅವಳು ಆ ಎಲೆಯ ಮುಂದೆ ಕೂರುತ್ತಿದ್ದಳೇ? ಮುಚ್ಚಿಟ್ಟ ನೋವಿನಿಂದ ಮೊದಲು ಅಳಿದದ್ದು ಮುಚ್ಚಿಟ್ಟವನನ್ನು ಅತಿಯಾಗಿ ಪ್ರೀತಿಸಿದ ಜೀವವೇ. ಈ ವಿವರವನ್ನು ಪ್ರವಚನಗಳಲ್ಲಿ ಎತ್ತಿ ಹೇಳುವುದು ಅಪರೂಪ.

ತಾಯಿಮಕ್ಕಳು ನಾಯಿ ನವಿಲುಗಳಾಗಿ, ಮುಂದೆ ಹಾವು, ಮುಳ್ಳುಹಂದಿ, ಮೀನು, ಮೊಸಳೆ, ಆಡು, ಕೋಣ, ಕೋಳಿಗಳಾಗಿ ಹುಟ್ಟುವ ಪರಂಪರೆಗೆ ಸಂಕಲ್ಪಹಿಂಸೆಯೇ ಕಾರಣವೆಂದು ಕಾವ್ಯವೂ ಹೇಳುತ್ತದೆ, ಸಂಪ್ರದಾಯವೂ ಹೇಳುತ್ತದೆ. ಅದನ್ನು ಅಲ್ಲಗಳೆಯಬೇಕಾಗಿಲ್ಲ. ಆದರೆ ಸ್ವಾಧ್ಯಾಯದಲ್ಲಿ ನಿತ್ಯವೂ ಓದುವ ತತ್ತ್ವಾರ್ಥಸೂತ್ರವನ್ನು ಪಕ್ಕದಲ್ಲಿಟ್ಟುಕೊಂಡರೆ ಇನ್ನೊಂದು ಸಂಗತಿ ಹೊಳೆಯುತ್ತದೆ. ಅದರ ಆರನೆಯ ಅಧ್ಯಾಯವು ತಿರ್ಯಂಚಾಯುವಿನ ಆಸ್ರವಕ್ಕೆ ಮಾಯೆಯನ್ನು, ಎಂದರೆ ಒಳಗೊಂದು ಹೊರಗೊಂದು ಆಗಿರುವ ವಂಚನೆಯನ್ನು, ಕಾರಣವಾಗಿ ಹೇಳುತ್ತದೆ. ಏಳನೆಯ ಅಧ್ಯಾಯದಲ್ಲಿ ವ್ರತಿಯಾದವನು ಶಲ್ಯರಹಿತನಾಗಿರಬೇಕೆಂಬ ನಿಯಮವಿದೆ. ಮಾಯೆ, ಮಿಥ್ಯೆ, ನಿದಾನ ಎಂಬ ಮೂರು ಶಲ್ಯಗಳಲ್ಲಿ ಮಾಯೆಗೇ ಮೊದಲ ಸ್ಥಾನ. ಶಲ್ಯವೆಂದರೆ ಮೈಯೊಳಗೆ ಮುರಿದುಳಿದ ಮುಳ್ಳು. ಮೇಲೆ ಚರ್ಮ ಕೂಡಿಕೊಂಡರೂ ಒಳಗೆ ಕೀವು ಕಟ್ಟುತ್ತದೆ. ಇನ್ನು ಒಂಬತ್ತನೆಯ ಅಧ್ಯಾಯದಲ್ಲಿ ಹೇಳಿರುವ ಆರ್ತಧ್ಯಾನದ ಬಗೆಗಳಲ್ಲಿ ಇಷ್ಟವಾದುದು ಅಗಲಿದಾಗ ಅದನ್ನೇ ಮರಳಿ ಮರಳಿ ಚಿಂತಿಸುವುದೂ ಒಂದು. ಆರ್ತಧ್ಯಾನದ ಫಲವೂ ತಿರ್ಯಗ್ಗತಿಯೆಂದೇ ಆಚಾರ್ಯರ ಅಭಿಪ್ರಾಯ. ಯಶೋಧರನು ಕೋಳಿಯನ್ನು ಕಡಿಯುವ ಮೊದಲೇ ಮುಳ್ಳು ಒಳಗೆ ಮುರಿದಿತ್ತು. ಅವನ ಸಂಕಲ್ಪಹಿಂಸೆ ಹುಟ್ಟಿದ್ದೇ ಆ ಗಾಯದಲ್ಲಿ.

ಇದಕ್ಕೆ ಸಾಕ್ಷಿಯನ್ನು ಕವಿಯೇ ಒದಗಿಸಿದ್ದಾನೆ. ನವಿಲಾಗಿ ಹುಟ್ಟಿ ತನ್ನದೇ ಅರಮನೆಗೆ ಬಂದ ಯಶೋಧರನು ಒಂದು ದಿನ ಅಮೃತಮತಿ ಅಷ್ಟಾವಂಕರನ್ನು ಒಟ್ಟಿಗೆ ಕಾಣುತ್ತಾನೆ. ಹಿಂದಿನ ಜನ್ಮ ನೆನಪಾಗುತ್ತದೆ. ನೆನಪಾದೊಡನೆ ಅವನು ಮಾಡುವ ಮೊದಲ ಕೆಲಸ ಅವರ ಮೇಲೆರಗಿ ಕುಕ್ಕುವುದು. ಆ ರಾತ್ರಿ ತಡೆದ ಕತ್ತಿ ಜನ್ಮಾಂತರವನ್ನು ದಾಟಿ ಕೊಕ್ಕಾಗಿ ಬಂದಿತ್ತು. ಪೆಟ್ಟು ತಿಂದ ನವಿಲನ್ನು ಹಿಡಿದು ಕೊಲ್ಲುವ ನಾಯಿ ಯಾರು? ಅವನ ತಾಯಿ. ಆ ನಾಯಿಯನ್ನು ಹೊಡೆದು ಕೊಲ್ಲುವವನು ಅವನ ಮಗ. ಕನ್ನಡದಲ್ಲಿ ಇದಕ್ಕಿಂತ ಕ್ರೂರವಾದ ಮನೆಯ ಚಿತ್ರ ಇನ್ನೊಂದಿಲ್ಲ. ಯಾರಿಗೂ ಯಾರ ಗುರುತೂ ಇಲ್ಲದ ಮನೆ.

ಇಲ್ಲಿ ಶ್ರಾವಕರಾದ ಓದುಗರು ಒಂದು ಆಕ್ಷೇಪವನ್ನು ಎತ್ತಬಹುದು. ಸಮಂತಭದ್ರಾಚಾರ್ಯರು ರತ್ನಕರಂಡಕ ಶ್ರಾವಕಾಚಾರದಲ್ಲಿ ಸಮ್ಯಗ್ದರ್ಶನದ ಎಂಟು ಅಂಗಗಳಲ್ಲಿ ಉಪಗೂಹನವನ್ನೂ ಹೇಳಿಲ್ಲವೇ? ಪರರ ದೋಷವನ್ನು ಮುಚ್ಚುವುದು ಗುಣವಾಗಿರುವಾಗ, ಹೆಂಡತಿಯ ತಪ್ಪನ್ನು ತಾಯಿಯ ಮುಂದೆ ಆಡದ ಯಶೋಧರನದು ದೋಷ ಹೇಗಾದೀತು? ಆಕ್ಷೇಪ ಹಗುರವಾದುದಲ್ಲ. ಆದರೆ ಉಪಗೂಹನವು ಅವನ ಉದ್ದೇಶವಾಗಿದ್ದರೆ ಬೆಳಗಿನ ನೆಯ್ದಿಲ ಹೂವಿನ ಮಾತು ಹುಟ್ಟುತ್ತಿರಲಿಲ್ಲ. ಅವನು ಮುಚ್ಚಿದ್ದು ಅವಳ ದೋಷವನ್ನಲ್ಲ, ತನ್ನ ಅವಮಾನವನ್ನು. ಅಲ್ಲದೆ ಆಚಾರ್ಯರು ಉಪಗೂಹನದ ಬೆನ್ನಿಗೇ ಸ್ಥಿತಿಕರಣವನ್ನು ಇಟ್ಟಿದ್ದಾರೆ. ಜಾರುತ್ತಿರುವವನನ್ನು ಹಿಡಿದು ನಿಲ್ಲಿಸುವ ಅಂಗವದು. ಜಾರುತ್ತಿರುವುದು ಯಾರಿಗೂ ತಿಳಿಯದಿದ್ದರೆ ಹಿಡಿದು ನಿಲ್ಲಿಸುವವರು ಯಾರು? ಬೀದಿಗೆ ಮುಚ್ಚಬೇಕಾದುದನ್ನು ವೈದ್ಯನಿಗೂ ಮುಚ್ಚುವುದು ಉಪಗೂಹನವಲ್ಲ.

ಈ ಕಾವ್ಯವನ್ನು ಹೀಗೆ ಓದುವುದು ಪಂಡಿತರ ಚರ್ಚೆಗೆ ಮಾತ್ರ ಸೇರಿದ ಮಾತಲ್ಲ. ನಿಶ್ಚಯವಾದ ಸಂಬಂಧ ಮುರಿದುಹೋದ ಮಗಳು, ವರ್ಷಗಟ್ಟಲೆ ಓದಿಯೂ ಪರೀಕ್ಷೆಯಲ್ಲಿ ನಿರಾಶನಾದ ಮಗ, ನಂಬಿದ ಪಾಲುದಾರನಿಂದ ಮೋಸಹೋದ ವ್ಯಾಪಾರಿ, ಮದುವೆಯಾದ ವರ್ಷದೊಳಗೆ ತವರಿಗೆ ಮರಳಿದ ಹೆಣ್ಣು: ಇವರು ಇಲ್ಲದ ಊರಿಲ್ಲ. ಮುಖವೇಕೆ ಬಾಡಿದೆಯೆಂದು ಕೇಳಿದರೆ ನಿದ್ದೆ ಬರಲಿಲ್ಲ, ತಲೆನೋವು ಎಂಬ ಉತ್ತರ ಬರುತ್ತದೆ. ಇದು ಇಂದಿನ ಕನಸು. ಮನೆಯವರು ಬಸದಿಗೆ ಬಂದು ಒಂದು ಶಾಂತಿವಿಧಾನವನ್ನೋ ಪದ್ಮಾವತಿಯ ಪೂಜೆಯನ್ನೋ ಬರೆಸಿ ಹೋಗುತ್ತಾರೆ. ಪೂಜೆಯನ್ನು ಹಳಿಯಬೇಕಾಗಿಲ್ಲ; ಅದರಿಂದ ಮನಸ್ಸು ನಿಂತ ಉದಾಹರಣೆಗಳು ಎಲ್ಲ ಮನೆಗಳಲ್ಲೂ ಇವೆ. ಆದರೆ ನಿಜವಾದ ರೋಗವನ್ನು ಕೇಳದೆ ಮಾಡಿಸಿದ ಪೂಜೆಗೂ ಚಂದ್ರಮತಿಯ ಹಿಟ್ಟಿನ ಕೋಳಿಗೂ ಇರುವ ಅಂತರ ಎಷ್ಟೆಂದು ಬಸದಿಯ ಆಡಳಿತವನ್ನು ಹೊತ್ತ ಹಿರಿಯರು ಒಮ್ಮೆ ಯೋಚಿಸಿದರೆ ಕೆಡುಕಿಲ್ಲ. ಇನ್ನು ಕೆಲವು ಹಿರಿಯರು, ಎಲ್ಲವೂ ಕರ್ಮೋದಯ, ಸಹಿಸಿಕೋ, ಎಂದು ಮಾತು ಮುಗಿಸುತ್ತಾರೆ. ಸಿದ್ಧಾಂತದ ದೃಷ್ಟಿಯಿಂದ ಅದು ಸತ್ಯ. ಆದರೆ ನೊಂದವನ ಬಾಯಿಂದ ಮೊದಲ ಮಾತು ಹೊರಡುವ ಮುನ್ನವೇ ಆಡಿದ ಸತ್ಯವು ಅವನ ಬಾಯಿಗೆ ಬೀಗವಾಗುತ್ತದೆ.

ಹೇಳುವುದು ಹೇಗೆ, ಯಾರಿಗೆ ಎಂಬುದನ್ನು ಕುರಿತು ಜೈನಾಚಾರ್ಯರಷ್ಟು ಸೂಕ್ಷ್ಮವಾಗಿ ಚಿಂತಿಸಿದವರು ಕಡಿಮೆ. ಪ್ರಾಯಶ್ಚಿತ್ತದ ಮೊದಲ ಭೇದವೇ ಆಲೋಚನೆ; ಗುರುವಿನ ಮುಂದೆ ತನ್ನ ಒಳಗನ್ನು ಮರೆಯಿಲ್ಲದೆ ತೆರೆದಿಡುವುದು. ಕನ್ನಡದ ‘ವಡ್ಡಾರಾಧನೆ’ಯ ಕಥೆಗಳಿಗೆ ಮೂಲಾಧಾರವಾದ ‘ಭಗವತೀ ಆರಾಧನೆ’ಯು ಆಲೋಚನೆಗೆ ತಟ್ಟುವ 10 ದೋಷಗಳನ್ನು ಎಣಿಸುತ್ತದೆ. ಅವುಗಳಲ್ಲಿ ಒಂದು ಛನ್ನದೋಷ: ತನ್ನದೆಂದು ಒಪ್ಪಿಕೊಳ್ಳದೆ, ಇಂಥದೊಂದು ತಪ್ಪು ನಡೆದರೆ ಅದಕ್ಕೆ ಪ್ರಾಯಶ್ಚಿತ್ತವೇನು ಎಂದು ಮರೆಯಲ್ಲಿ ಕೇಳಿ ತಿಳಿದುಕೊಳ್ಳುವುದು. ಯಶೋಧರನದು ವ್ರತಭಂಗದ ನಿವೇದನೆಯಾಗಿರಲಿಲ್ಲ, ಕೇಳಿದವಳು ಗುರುವೂ ಅಲ್ಲ. ಆದರೂ ಕನಸಿನ ನೆವದಲ್ಲಿ ಅವನು ಮಾಡಿದ್ದು ಇದನ್ನೇ ಅಲ್ಲವೇ? ಅದೇ ಗ್ರಂಥವು ಆಲೋಚನೆ ಮಾಡುವವನು ಮಾಡಿದ್ದನ್ನೂ ಮಾಡಬಾರದ್ದನ್ನೂ ಮಗುವಿನಂತೆ ನೇರವಾಗಿ ನುಡಿಯಬೇಕೆಂದು ಹೇಳುತ್ತದೆ. ಹೆತ್ತ ತಾಯಿಯ ಎದುರಿಗೆ ಕುಳಿತಿದ್ದೂ ಯಶೋಧರನು ಮಗುವಾಗಲಿಲ್ಲ; ಅರಸನಾಗಿಯೇ ಉಳಿದನು.

ದೀಕ್ಷೆಯನ್ನು ಹೊಂದಿದರೆ ಎಲ್ಲವೂ ಸರಿಹೋಗುತ್ತದೆಂದು ತಿಳಿಯುವವರಿಗೂ ಜನ್ನನಲ್ಲಿ ಉತ್ತರವಿದೆ. ‘ಯಶೋಧರ ಚರಿತೆ’ಯಾದ 21 ವರ್ಷಗಳ ಮೇಲೆ, 1230ರಲ್ಲಿ ಮುಗಿಸಿದ ‘ಅನಂತನಾಥ ಪುರಾಣ’ದಲ್ಲಿ ಅವನು ಇಂಥದೇ ಗಾಯದ ಇನ್ನೊಬ್ಬ ಗಂಡನನ್ನು ತಂದಿದ್ದಾನೆ. ಮಿತ್ರನೆಂದು ನಂಬಿ ಅರಮನೆಗೆ ಕರೆದ ಚಂಡಶಾಸನನು ವಸುಷೇಣನ ಹೆಂಡತಿ ಸುನಂದೆಯನ್ನು ಅಪಹರಿಸುತ್ತಾನೆ. ವಿಮರ್ಶಕರ ಗಮನವೆಲ್ಲ ಚಂಡಶಾಸನನ ದುರಂತ ಪ್ರೇಮದ ಕಡೆಗೇ ಹೋಗಿರುವುದು ಸಹಜ. ಆದರೆ ವಸುಷೇಣನು ಏನಾದನು? ವಿರಕ್ತನಾಗಿ ದೀಕ್ಷೆ ಪಡೆದನು, ತಪಸ್ಸು ಮಾಡಿದನು. ಮುಂದಿನ ಜನ್ಮದಲ್ಲಿ ಆ ವೈರಿಯನ್ನು ಕೊಲ್ಲುವಂತಾಗಲೆಂದು ತಪಸ್ಸಿನ ಫಲವನ್ನೆಲ್ಲ ಅಡವಿಟ್ಟನು. ಇದು ನಿದಾನಶಲ್ಯ. ಒಬ್ಬನು ಮುಳ್ಳನ್ನು ಅರಮನೆಯಲ್ಲಿಟ್ಟುಕೊಂಡನು, ಇನ್ನೊಬ್ಬನು ಅದನ್ನೇ ತಪೋವನಕ್ಕೆ ಒಯ್ದನು.

ಜನ್ನನ ಕಾವ್ಯದಲ್ಲಿ ಕೊರತೆಯೇ ಇಲ್ಲವೆಂದಲ್ಲ. ನಿರಾಶೆಯ ನೋವು ಅಮೃತಮತಿಗೂ ಇದ್ದಿರಬಹುದೆಂಬ ಕಡೆಗೆ ಕವಿಯ ದೃಷ್ಟಿ ಹರಿಯುವುದಿಲ್ಲ. ಒಲಿದ ಮನಸ್ಸಿಗೆ ರೂಪ ಕುರೂಪಗಳ ಲೆಕ್ಕವಿಲ್ಲವೆಂದು ದೂತಿಗೆ ಅವಳು ಕೊಡುವ ಉತ್ತರದಲ್ಲಿ ಒಂದು ಕ್ಷಣ ಬಾಗಿಲು ತೆರೆಯುತ್ತದೆ. ತೆರೆದ ಬಾಗಿಲನ್ನು ಕವಿಯು ಬೇಗನೆ ಮುಚ್ಚಿ ಅವಳನ್ನು ನರಕಕ್ಕೆ ಕಳುಹಿಸುತ್ತಾನೆ. ಕಾರ್ನಾಡರು ಆ ಬಾಗಿಲನ್ನು ಮತ್ತೆ ತೆರೆದದ್ದು ಸರಿಯಾಗಿಯೇ ಇದೆ. ಹೆಂಗಸರ ಮನಸ್ಸು ಚಂಚಲವೆಂಬ ನೀತಿಯನ್ನು ಮಾತ್ರ ಈ ಕಥೆಯಿಂದ ಹಿಂಡಿ ಸಭೆಗಳಲ್ಲಿ ಹಂಚುವುದು ಕವಿಗೂ ಕೇಳುವವರಿಗೂ ಮಾಡುವ ಅನ್ಯಾಯ.

ಇಷ್ಟಾದರೂ ಕಾವ್ಯದ ಕಟ್ಟಡದಲ್ಲಿ ಜನ್ನನು, ಅವನ ಪೂರ್ವಸೂರಿಗಳ ಜೊತೆಗೆ, ಒಂದು ಆಶ್ಚರ್ಯವನ್ನು ಸಾಧಿಸಿದ್ದಾನೆ. ಕಥೆ ಉಜ್ಜಯಿನಿಯಲ್ಲಿ ಆರಂಭವಾಗುವುದಿಲ್ಲ. ರಾಜಪುರದಲ್ಲಿ, ಚಂಡಮಾರಿಯ ಗುಡಿಯ ಮುಂದೆ, ನರಬಲಿಗೆಂದು ಚಂಡಕರ್ಮನು ಹಿಡಿದು ತಂದ ಅಭಯರುಚಿ ಅಭಯಮತಿ ಎಂಬ ಎಳೆಯ ಅಣ್ಣತಂಗಿಯರಿಂದ ಆರಂಭವಾಗುತ್ತದೆ. ಗುಡಿಗೆ ಬರುವ ದಾರಿಯಲ್ಲಿಯೇ ಅಣ್ಣನು ತಂಗಿಗೆ ಧೈರ್ಯ ಹೇಳುತ್ತಾನೆ. ಇಬ್ಬರ ನಡುವೆ ಮುಚ್ಚುಮರೆಯಿಲ್ಲ. ಅವರ ಹೆಸರಿನಲ್ಲಿಯೇ ಇರುವ ಅಭಯವು ಬರಿಯ ಮರಣದ ಅಂಜಿಕೆ ಇಲ್ಲದಿರುವುದಲ್ಲ. ಮಾರಿದತ್ತನು ನೀವು ಯಾರು ಎಂದು ಕೇಳುತ್ತಾನೆ. ಚಂದ್ರಮತಿಯು ಕೇಳಿದಂಥದೇ ಪ್ರಶ್ನೆ. ಆದರೆ ಕೇಳಿದವಳು ಆಗ ತಾಯಿ, ಈಗ ಕೇಳುತ್ತಿರುವವನು ಕತ್ತಿ ಹಿಡಿದ ಅಪರಿಚಿತ. ಅವನು ತಮ್ಮ ತಾಯಿ ಕುಸುಮಾವಳಿಯ ಒಡಹುಟ್ಟಿದವನೆಂಬುದು ಮುಂದೆ ತಿಳಿಯಬೇಕಾದ ಮಾತು. ಅಭಯರುಚಿಯು ಆ ಸಭೆಯಲ್ಲಿ, ಬಲಿಪೀಠದ ಮುಂದೆ, ಆ ರಾತ್ರಿಯಿಂದಲೇ ಎಲ್ಲವನ್ನೂ ಹೇಳುತ್ತಾನೆ: ಮಾವುತನ ಹಾಡನ್ನು, ಎತ್ತಿ ಇಳಿಸಿದ ಕತ್ತಿಯನ್ನು, ಹೂವಿನ ಪೆಟ್ಟನ್ನು, ತಾಯಿಗೆ ಹೇಳಿದ ಸುಳ್ಳು ಕನಸನ್ನು. ಕೊಂಕಿಲ್ಲ, ರೂಪಕದ ಮರೆಯಿಲ್ಲ, ಅಮೃತಮತಿಯ ಮೇಲೆ ಹಗೆಯೂ ಇಲ್ಲ. ಕೇಳುತ್ತ ಕೇಳುತ್ತ ಮಾರಿದತ್ತನ ಮನಸ್ಸು ಬಲಿಯಿಂದ ಹಿಂದೆ ಸರಿಯುತ್ತದೆ. ಹೇಳುತ್ತಿರುವವನ ಪಕ್ಕದಲ್ಲಿ ತಂಗಿಯಾಗಿ ನಿಂತಿರುವವಳು ಆ ಬೆಳಗ್ಗೆ ಮಗನ ಮುಖ ನೋಡಿ ಏನಾಯಿತೆಂದು ಕೇಳಿದ ಚಂದ್ರಮತಿಯೇ.